ಕೋರ್ವೆ ಎಣಿಸಿದರೆ 66 ಬರ್ತಿದೆ, 64 ಅಲ್ವಾ ಬರಬೇಕಾದ್ದು?

ರಸಿಕ_ಬಸವನಗುಡಿ:
ಎಲ್ಲರಿಗೂ ನಮಸ್ಕಾರ. ನಾನು ಹಾಡೋನಲ್ಲ, ನುಡಿಸೋನೂ ಅಲ್ಲ, ಬರೀ ಕೇಳುಗ. ಹದಿನೈದು ವರ್ಷದಿಂದ ರಾಮನವಮಿ ಕಚೇರಿಗಳನ್ನು ತಪ್ಪಿಸಿಲ್ಲ. ಆದರೆ ತನಿ ಆವರ್ತನ, ಅಂದ್ರೆ ಬರೀ ತಾಳವಾದ್ಯದವರು ನುಡಿಸೋ ಭಾಗ, ಶುರುವಾದ ಕೂಡಲೇ ಎದ್ದು ಕಾಫಿಗೆ ಹೋಗೋದು ಅಭ್ಯಾಸವಾಗಿತ್ತು. ಈ ಸಲ ಕೂತೆ. ಪಕ್ಕದಲ್ಲಿ ಒಬ್ಬ ಹಿರಿಯರು ತೊಡೆ ಮೇಲೆ ಆದಿ ತಾಳ ಹಾಕ್ತಿದ್ರು. ಕೊನೇ ಕೋರ್ವೆ (ಸೊಲ್ಲುಗಳನ್ನ, ಅಂದ್ರೆ ತಕಿಟ, ತಕಧಿಮಿ ಥರದ ಮೃದಂಗದ ನುಡಿಗಳನ್ನ, ಲೆಕ್ಕ ಹಾಕಿ ಜೋಡಿಸಿದ ಮುಕ್ತಾಯ) ಮೂರನೇ ಸಲ ಅರ್ಧ ದಾಟಿತ್ತೋ ಇಲ್ಲವೋ, ಅವರ ಮುಖ ಅರಳಿಬಿಡ್ತು. ಎಲ್ಲಿ ಬಂದು ಕೂರುತ್ತೆ ಅಂತ ಅವರಿಗೆ ಆಗಲೇ ಗೊತ್ತಾಗಿತ್ತು. ನನಗೆ ಮುಗಿದ ಮೇಲೂ ಗೊತ್ತಾಗಲಿಲ್ಲ.

ಫೋನಿನಲ್ಲಿ ರೆಕಾರ್ಡ್ ಮಾಡ್ಕೊಂಡಿದ್ದೆ. ಮನೆಗೆ ಬಂದು ಕಾಗದ ಪೆನ್ಸಿಲ್ ಹಿಡಿದು ಎಣಿಸಿದೆ. ಆದಿ ತಾಳ 8 ಅಕ್ಷರ, ಅಕ್ಷರಕ್ಕೆ 4 ಮಾತ್ರೆ, ಆವರ್ತಕ್ಕೆ, ಅಂದ್ರೆ ತಾಳದ ಒಂದು ಸುತ್ತಿಗೆ, 32. ಎರಡು ಆವರ್ತಕ್ಕೆ 64. ಆದರೆ ಕೋರ್ವೆ ನನಗೆ ಕೇಳಿಸಿದ್ದು ಹೀಗೆ:

ತಕಿಟ ತಕಧಿಮಿ ತಾಂ,, (ಇದು ಮೂರು ಸಲ)
ತದಿಂಗಿಣತೊಂ ತದಿಂಗಿಣತೊಂ ತಾಂ,,
ತದಿಂಗಿಣತೊಂ ತದಿಂಗಿಣತೊಂ ತಾಂ,,
ತದಿಂಗಿಣತೊಂ ತದಿಂಗಿಣತೊಂ

ಒಂದೊಂದು ಅಲ್ಪವಿರಾಮ ಒಂದು ಮಾತ್ರೆ. ಕೂಡಿಸಿದ್ರೆ 66. ನಾಲ್ಕು ಸಲ ಎಣಿಸಿದೆ, 66ಏ. ಎಲ್ಲಿ ತಪ್ಪಿದೆ? ಇನ್ನೊಂದು ಪ್ರಶ್ನೆ: ಹೀಗೆ ಲೆಕ್ಕ ಹಾಕಿ ಕೇಳೋದ್ರಿಂದ ಸಂಗೀತ ಅರ್ಥ ಆಗುತ್ತಾ? ಹಾಡೋ ಗೆಳೆಯ ಒಬ್ಬ ಇದನ್ನೆಲ್ಲ ಬಿಟ್ಟು ಸುಮ್ಮನೆ ಕೇಳು ಅಂತಾನೆ.

ಖಂಡಚಾಪು:
ಕಾರ್ವೆ, ಅಂದ್ರೆ ನಡುವೆ ನಿಲ್ಲೋ ಕಾಲ, ತಪ್ಪಾಗಿ ಎಣಿಸಿದ್ದೀರಿ. ಉತ್ತರಾಂಗದ, ಅಂದ್ರೆ ತದಿಂಗಿಣತೊಂ ಇರೋ ಎರಡನೇ ಭಾಗದ, ತಾಂ ಎರಡೇ ಮಾತ್ರೆ ಇರಬೇಕು. 30 ಮತ್ತು 34, ಒಟ್ಟು 64. ಮುಗೀತು.

ರಸಿಕ_ಬಸವನಗುಡಿ:
ಇಲ್ಲ ಸಾರ್, ನಿಧಾನಗತಿಯಲ್ಲಿ ಹಾಕಿ ಕೇಳಿದೆ. ಮೂರೇ ಇದೆ.

ಮೇಷ್ಟ್ರು_ಹಾಸನ:
ನಾನು ಗಣಿತ ಪಾಠ ಮಾಡುವವನು, ಸಂಗೀತ ಕಿವಿಯಿಂದ ಬಂದದ್ದು. ರಸಿಕರ ಕೂಡಿಕೆ ಸರಿ ಇದೆ. ಪೂರ್ವಾಂಗ 7+3 ಮೂರು ಸಲ, 30. ಉತ್ತರಾಂಗ 10+3+10+3+10, 36. ಒಟ್ಟು 66.

ಇಲ್ಲೊಂದು ಚೆಂದದ ವಿಷಯ ಇದೆ. ಒಂದು ಸೊಲ್ಲು ಮೂರು ಸಲ, ನಡುವೆ ಎರಡು ಕಾರ್ವೆ ಅಂದ್ರೆ ಸೊಲ್ಲಿನ ಅಳತೆಯ ಮೂರರಷ್ಟು, ಕಾರ್ವೆಯ ಎರಡರಷ್ಟು, ಎರಡೂ ಸೇರಿ 36 ಆಗಬೇಕು. ಕಾರ್ವೆಯ ಎರಡರಷ್ಟು ಯಾವಾಗಲೂ ಸಮಸಂಖ್ಯೆ. ಹಾಗಾಗಿ ಮೊತ್ತ ಸಮಸಂಖ್ಯೆ ಆದರೆ ಸೊಲ್ಲೂ ಸಮಸಂಖ್ಯೆಯದೇ ಆಗಬೇಕು. 12ಕ್ಕೆ ಕಾರ್ವೆ 0, 10ಕ್ಕೆ 3, 8ಕ್ಕೆ 6, 6ಕ್ಕೆ 9, ಹೀಗೆ. ಒಂಟಿ ತದಿಂಗಿಣತೊಂ 5 ಮಾತ್ರೆ. ಅದನ್ನ ಮೂರು ಸಲ ಇಟ್ಟು 36 ತುಂಬಬೇಕಂದ್ರೆ ಕಾರ್ವೆ ಹತ್ತೂವರೆ ಆಗುತ್ತೆ. ಅದಕ್ಕೇ ವಿದ್ವಾಂಸರು ಎರಡನ್ನು ಜೋಡಿಸಿ 10 ಮಾಡ್ಕೊಂಡಿದ್ದಾರೆ. ಪೂರ್ವಾಂಗದಲ್ಲಿ ಕಾರ್ವೆ 3, ಉತ್ತರಾಂಗದಲ್ಲೂ 3. ಇಷ್ಟು ಅಚ್ಚುಕಟ್ಟಾಗಿ ಇರೋದು ಎಣಿಕೆ ತಪ್ಪಿ ಬಂದದ್ದು ಆಗಿರಲಾರದು. ಆ 2 ಮಾತ್ರೆ ಯಾಕೆ ಹೆಚ್ಚು ಅಂತ ನನಗೂ ತಿಳೀಬೇಕು.

ಶಾರದೆ_ಮೈಸೂರು:
ನಾನು ಹಾಡುವವಳು. ರಸಿಕರ ಗೆಳೆಯ ಹೇಳಿದ ಮಾತನ್ನೇ ಹೇಳ್ತೀನಿ, ಆದರೆ ಕಾರಣ ಕೊಡ್ತೀನಿ. ಕಲಿಯುವಾಗ ಒಂದು ಸ್ಪರ್ಧೆಗೆ ಕಲ್ಯಾಣಿಯಲ್ಲಿ ಕಲ್ಪನಾಸ್ವರಕ್ಕೆ ಒಂದು ದೊಡ್ಡ ಕೋರ್ವೆ ಬರೆದುಕೊಂಡು ಬಾಯಿಪಾಠ ಮಾಡಿದ್ದೆ. ವೇದಿಕೆ ಮೇಲೆ ಲೆಕ್ಕ ಒಂದು ಮಾತ್ರೆಯೂ ತಪ್ಪಲಿಲ್ಲ. ಸಮಕ್ಕೆ, ಆವರ್ತದ ಮೊದಲ ತಟ್ಟಿಗೆ, ಸರಿಯಾಗಿ ಬಿತ್ತು. ಆದರೆ ಆ ಎರಡು ನಿಮಿಷ ನನ್ನ ಜೀವವೆಲ್ಲ ಬೆರಳ ತುದಿಯಲ್ಲಿತ್ತು. ಗಾಂಧಾರದಲ್ಲಿ ನಿಲ್ಲಬೇಕಾದ ಕಡೆ ನಿಲ್ಲಲಿಲ್ಲ, ಸ್ವರಗಳೆಲ್ಲ ಇಟ್ಟಿಗೆ ಜೋಡಿಸಿದ ಹಾಗೆ ಬಂದ್ವು. ಗುರುಗಳು ಕೆಳಗಿಳಿದ ಮೇಲೆ ಒಂದೇ ಮಾತು ಹೇಳಿದ್ದು, "ತಾಳ ಕಲ್ಯಾಣಿ ಹಾಡಿತು, ನೀನು ಹಾಡಲಿಲ್ಲ". ಲೆಕ್ಕ ಬೇಡ ಅಂತಲ್ಲ. ಅದು ಕಿವಿಗೆ ಮೊದಲು ಬರಬಾರದು.

ಮೃದಂಗ_ಮಲ್ಲೇಶ್ವರ:
ಅಕ್ಕ, ನಿಮ್ಮ ಗುರುಗಳ ಮಾತು ಒಪ್ಪುತ್ತೀನಿ. ಆದರೆ ಲಯವಾದ್ಯದವರಿಗೆ ಲೆಕ್ಕವೇ ರಾಗ. ನಿಮಗೆ ಗಾಂಧಾರ ಹೇಗೋ ನಮಗೆ ಆ 3 ಮಾತ್ರೆ ಕಾರ್ವೆ ಹಾಗೆ. ಅದರಲ್ಲಿ ನಿಲ್ಲೋದು ಗೊತ್ತಿರಬೇಕು.

ರಸಿಕರೇ, ಒಂದು ಕೇಳ್ತೀನಿ. ತನಿಗೆ ಮುಂಚೆ ಹಾಡಿದ ಕೃತಿ ಯಾವ ಜಾಗದಲ್ಲಿ ಎತ್ತಿಕೊಳ್ತಾರೆ? ಸಮದಲ್ಲೋ, ಬಿಟ್ಟೋ? ಕೇಳಿ ನೋಡಿ ಹೇಳಿ. ಅಲ್ಲೀವರೆಗೆ ಯಾರೂ ತಪ್ಪು ಅನ್ನಬೇಡಿ.

ಖಂಡಚಾಪು:
ಓ. ಸರಿ, ಕಾಯ್ತೀನಿ.

ತಬಲಾ_ಧಾರವಾಡ:
ನಮ್ಮ ಹಿಂದೂಸ್ತಾನಿ ಕಡೆ ಲೆಕ್ಕ ಒಂದು ಹೆಚ್ಚಿಗಿ ಬರ್ತದ ನೋಡ್ರಿ. ನಿಮ್ಮಲ್ಲಿ ಕೋರ್ವೆ ಮುಗದ ಮ್ಯಾಲ ಎತ್ತುಗಡೆ, ಅಂದ್ರ ಹಾಡು ಎತ್ತಿಕೊಳ್ಳೂ ಜಾಗ, ಬರ್ತದ. ನಮ್ಮಲ್ಲಿ ತಿಹಾಯಿದ (ಒಂದ ಬೋಲ್ ಮೂರ ಸಲ ಬಾರಿಸಿ ಮುಗಸೂದು) ಕಡೀ ಧಾ ಅದ ಖುದ್ದ ಸಮದ ಮ್ಯಾಲ ಬೀಳಬೇಕು. ಹಂಗಾಗಿ ತೀನತಾಲ 16 ಮಾತ್ರಾ ಅಂದ್ರ ಸಮದಿಂದ ಎತ್ತಿದ ತಿಹಾಯಿ 17 ಇರಬೇಕು. "ತಿಟ ಕತ ಗದಿ ಗನ ಧಾ" 5 ಮಾತ್ರಾ, ನಡುವ 1 ಮಾತ್ರಾ ದಮ್, ಅಂದ್ರ ನಿಲುಗಡಿ. 5+1+5+1+5, 17. ದಮ್ ಇಲ್ಲದ ಬೇದಮ್ ತಿಹಾಯಿ ಬೇಕಂದ್ರ ಎರಡು ಆವರ್ತನಕ್ಕ 33, ಮೂರಲೇ ಭಾಗಿಸಿದ್ರ 11ರ ಬೋಲ್. ಒಂದ ಆವರ್ತನದಾಗ ಪೂರ್ತಿ ಮಾತ್ರಾದ ಬೋಲ್‌ನಿಂದ ಬೇದಮ್ ಕೂಡೂದಿಲ್ಲ, 17 ಮೂರಕ್ಕ ಭಾಗ ಹೋಗೂದಿಲ್ಲಲ್ರಿ. ಈ ಒಂದ ಮಾತ್ರಾ ತಿಳಕೊಳ್ಳಾಕ ನನಗ ಎರಡ ತಿಂಗಳ ಹತ್ತಿತ್ತು. ತಿಳದ ದಿನ ರಾತ್ರಿ ನಿದ್ದಿ ಬರಲಿಲ್ಲ.

ಮೇಷ್ಟ್ರು_ಹಾಸನ:
ಧಾರವಾಡದವರೇ, ಇದು ಬೇಲಿ ಕಂಬದ ಲೆಕ್ಕ. 16 ಅಂಕಣದ ಬೇಲಿಗೆ ಕಂಬ 17. ಮಕ್ಕಳಿಗೆ ಇನ್ನು ಮುಂದೆ ನಿಮ್ಮ ಧಾ ಇಟ್ಕೊಂಡೇ ಪಾಠ ಮಾಡ್ತೀನಿ.

ಕೋಡ್_ಹುಡುಗ:
ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಸುಳಾದಿ ಸಪ್ತ ತಾಳ, ಐದು ಜಾತಿ (ತಾಳದ ಲಘು ಅನ್ನೋ ಅಂಗ 3, 4, 5, 7 ಅಥವಾ 9 ಅಕ್ಷರ), ಒಟ್ಟು 35 ತಾಳ. 35 ಬೇರೆ ಬೇರೆ ಉದ್ದ ಇರುತ್ತೆ ಅಲ್ವಾ? ಚಿಕ್ಕದು ತಿಶ್ರ ಜಾತಿ ಏಕ 3, ದೊಡ್ಡದು ಸಂಕೀರ್ಣ ಜಾತಿ ಧ್ರುವ 29.

ಮೃದಂಗ_ಮಲ್ಲೇಶ್ವರ:
ಇಲ್ಲಪ್ಪ. ಕೂಡಿಸಿ ನೋಡು.

ಕೋಡ್_ಹುಡುಗ:
ಕೂಡಿಸಿದೆ! 35 ತಾಳಕ್ಕೆ ಉದ್ದ ಬರೀ 19. 15 ಇಲ್ಲ, 19 ಇಲ್ಲ, 21 ಇಲ್ಲ. 7 ಅಕ್ಷರದ್ದು ನಾಲ್ಕಿವೆ: ತಿಶ್ರ ತ್ರಿಪುಟ 3+2+2, ಖಂಡ ರೂಪಕ 2+5, ಚತುರಶ್ರ ಝಂಪೆ 4+1+2, ಮಿಶ್ರ ಏಕ ಬರೀ 7. 8 ಅಕ್ಷರದ್ದು ಮೂರು: ನಮ್ಮ ಆದಿ, ಅಂದ್ರೆ ಚತುರಶ್ರ ತ್ರಿಪುಟ 4+2+2, ತಿಶ್ರ ಮಠ್ಯ 3+2+3, ಖಂಡ ಝಂಪೆ 5+1+2. ಉದ್ದ ಒಂದೇ ಆದ್ಮೇಲೆ ಇವು ಬೇರೆ ತಾಳ ಯಾಕೆ?

ಶಾರದೆ_ಮೈಸೂರು:
ಮಗು, ಬಾಯಿಗೆ ಬರುವ ಯಾವುದಾದರೂ ಆದಿ ತಾಳದ ಕೃತಿ ತಗೋ. ಹಾಡುತ್ತಾ ಕೈಯಲ್ಲಿ ಖಂಡ ಝಂಪೆ ಹಾಕು. ಲಘು ಐದು ಎಣಿಸಿ, ಅನುದ್ರುತಕ್ಕೆ ಒಂದು ತಟ್ಟು, ದ್ರುತಕ್ಕೆ ತಟ್ಟಿ ಬೀಸು. ಮೊತ್ತ ಎಂಟೇ, ಸಮಕ್ಕೆ ಸರಿಯಾಗಿ ಬರ್ತೀಯ. ಆದರೆ ಆದಿಯಲ್ಲಿ ನಾಲ್ಕು ಮುಗಿದ ಮೇಲೆ, ದ್ರುತದ ತಟ್ಟಿನ ಮೇಲೆ ಸಾಹಿತ್ಯದ ಒಂದು ತೂಕ ಬೀಳುತ್ತೆ ನೋಡು, ಪಲ್ಲವಿ ಹಾಡೋರು ಅರುದಿ ಅಂತಾರಲ್ಲ ಆ ಜಾಗ. ಖಂಡ ಝಂಪೆಯಲ್ಲಿ ಆಗ ನಿನ್ನ ಕೈ ಬೆರಳು ಎಣಿಸ್ತಾ ಇರುತ್ತೆ. ಪದ ನಿಂತಿತು, ಕೈ ಓಡ್ತಿದೆ. ಎರಡೇ ಆವರ್ತದಲ್ಲಿ ಗಂಟಲು ತಡವರಿಸುತ್ತೆ.

ಕೋಡ್_ಹುಡುಗ:
ಅಕ್ಕಾ ಮಾಡಿ ನೋಡಿದೆ. ಮೂರನೇ ಆವರ್ತಕ್ಕೆ ನಿಂತೇಹೋದೆ. ಅಮ್ಮ ಅಡುಗೆಮನೆಯಿಂದ ಬಂದು ಏನಾಯ್ತು ಅಂದ್ರು.

ಮೇಷ್ಟ್ರು_ಹಾಸನ:
ಮೊತ್ತ ಬೇರೆ, ವಿಂಗಡಣೆ ಬೇರೆ. ಈ ಪ್ರಶ್ನೆ ನಮ್ಮ ಶಾಸ್ತ್ರಕಾರರನ್ನು ಬಹಳ ಹಿಂದೆಯೇ ಕಾಡಿದೆ. ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ 13ನೇ ಶತಮಾನದಲ್ಲೇ ತಾಳ ಪ್ರಸ್ತಾರ ಬರೆದಿದ್ದಾನೆ. ದ್ರುತ 1 ಅಂದ್ರೆ ಲಘು 2, ಗುರು 4, ಪ್ಲುತ 6. ಇಂತಿಷ್ಟು ಕಾಲವನ್ನು ಇವುಗಳಿಂದ ಎಷ್ಟು ರೀತಿ ತುಂಬಬಹುದು? ಕೊನೆಯಲ್ಲಿ ಯಾವ ಅಂಗ ಬಂತು ಅಂತ ನೋಡಿದರೆ ಸಾಕು. ದ್ರುತ ಬಂದಿದ್ದರೆ ಮುಂಚಿನದು ಒಂದು ಕಡಿಮೆ, ಲಘು ಬಂದಿದ್ದರೆ ಎರಡು ಕಡಿಮೆ, ಗುರುವಿಗೆ ನಾಲ್ಕು, ಪ್ಲುತಕ್ಕೆ ಆರು. ಆ ನಾಲ್ಕನ್ನು ಕೂಡಿಸಿದರೆ ಉತ್ತರ. 1, 2, 3, 6, 10, 19, 33 ಹೀಗೆ ಬೆಳೆಯುತ್ತೆ. 6 ದ್ರುತದ ಕಾಲವನ್ನು 19 ರೀತಿ ತುಂಬಬಹುದು. (ಮೇಲೆ ಹುಡುಗನ 19ಕ್ಕೂ ಇದಕ್ಕೂ ಸಂಬಂಧ ಇಲ್ಲ, ಕಾಕತಾಳೀಯ.) ಪದ್ಯದಲ್ಲಿ ಲಘು 1, ಗುರು 2; ಬರೀ ಲಘು ಗುರುಗಳ ಮಾತ್ರಾವೃತ್ತ ತಗೊಂಡರೆ 1, 2, 3, 5, 8, 13. ಹೇಮಚಂದ್ರ ಇದನ್ನ 12ನೇ ಶತಮಾನದಲ್ಲಿ ಬರೆದ. ಇದೇ ಸಂಖ್ಯೆಗಳಿರೋ ಫಿಬೊನಾಚಿಯ ಪುಸ್ತಕ ಬಂದದ್ದು 1202ರಲ್ಲಿ. ಸಂಖ್ಯೆಯ ಆಸೆಗೆ ಮಾಡಿದ್ದಲ್ಲ ಇದು, ಪದ್ಯ ಕಟ್ಟೋರಿಗೆ ಬೇಕಾಗಿತ್ತು.

ಭಾಮಿನಿ_ಗದಗ:
ಮೇಷ್ಟ್ರು ಪದ್ಯದ ಮಾತು ತೆಗೆದರು, ನಾನು ಸುಮ್ಮನಿರಲಾರೆ. ಕುಮಾರವ್ಯಾಸನ ಭಾಮಿನಿ ಷಟ್ಪದಿ ತಗೊಳ್ಳಿ. 1, 2, 4, 5ನೇ ಸಾಲು 3+4+3+4, ಅಂದ್ರೆ 14 ಮಾತ್ರೆ. 3 ಮತ್ತು 6ನೇ ಸಾಲು 3+4 ಮೂರು ಸಲ, ಮೇಲೊಂದು ಗುರು, 23. 3+4 ಅಂದ್ರೆ ಮಿಶ್ರ ಛಾಪು ತಾನೇ? ಸಾಲು 14 ಅಂದ್ರೆ ಎರಡು ಆವರ್ತ. ಆದರೆ 23 ಏಳರಿಂದ ಭಾಗ ಹೋಗಲ್ಲ. ಛಾಪು ಹಾಕಿ ಹಾಡಿ ನೋಡಿ, ಆ ಕೊನೇ ಗುರು ತಾನಾಗಿ 5 ಮಾತ್ರೆ ಹಿಗ್ಗಿ 28ಕ್ಕೆ ಬಂದು ಕೂರುತ್ತೆ. 14+14+28, ಅರ್ಧ ಪದ್ಯಕ್ಕೆ 56, ಎಂಟು ಆವರ್ತ. ಬರೆದದ್ದು 23, ಕಿವಿ ಕೇಳಿದ್ದು 28. ನಡುವಿನ ಆ 5 ಮಾತ್ರೆ ಕವಿ ಉಸಿರಿಗೆ ಬಿಟ್ಟ ಜಾಗ.

ಗಮಕಿ_ಹೊಸಹಳ್ಳಿ:
ತಿದ್ದುಪಡಿ. ಗಮಕದಲ್ಲಿ, ಅಂದ್ರೆ ಕಾವ್ಯವಾಚನದಲ್ಲಿ, ತಾಳ ಹಾಕೋದಿಲ್ಲ. ಅರ್ಥ ಎಲ್ಲಿ ಬಿಡಿಸಬೇಕೋ ಅಲ್ಲಿ ಬಿಡಿಸ್ತೀವಿ. ಭೀಮ ಕೋಪದಲ್ಲಿ ಮಾತಾಡುವಾಗ ಆ ಗುರುವನ್ನು ಐದು ಮಾತ್ರೆ ಎಳೆದರೆ ಕೋಪ ಆರಿಹೋಗುತ್ತೆ.

ಭಾಮಿನಿ_ಗದಗ:
ಒಪ್ಪಿದೆ, ನಾನು ಛಾಪಿಗೆ ಹಾಡಿದರೆ ಅಂತ ಹೇಳಿದ್ದು. ಆದರೆ ತಾಳ ಇಲ್ಲದಿದ್ದರೂ ನಿಮ್ಮ ವಾಚನದಲ್ಲಿ 3+4ರ ನಡಿಗೆ ಒಳಗೆ ಇದ್ದೇ ಇರುತ್ತೆ ಅಲ್ವಾ?

ಗಮಕಿ_ಹೊಸಹಳ್ಳಿ:
ಇರುತ್ತೆ. ಅದಿಲ್ಲದಿದ್ದರೆ ಗದ್ಯ ಆಗಿಬಿಡುತ್ತೆ.

ವೀಣೆ_ಪ್ರಿಯ:
ಗಣಿತ ಅಂದ್ರೆ ನೆನಪಾಯ್ತು, ಮೃದಂಗದ ಬಲಗಡೆ ಕರಣೆ (ನಡುವಿನ ಕಪ್ಪು ಲೇಪ) ಹಾಕೋದ್ರಿಂದ ಅದರ ನಾದ ತಂತಿವಾದ್ಯದ ಹಾಗೆ ಸ್ವರಕ್ಕೆ ಒಗ್ಗುತ್ತೆ ಅಂತ ಸಿ. ವಿ. ರಾಮನ್ 1920ರಲ್ಲೇ ತೋರಿಸಿದ್ರು. ಇಂಥ ಲೇಪ ಇಲ್ಲದ ಚರ್ಮವಾದ್ಯಗಳಲ್ಲಿ ಸಾಮಾನ್ಯವಾಗಿ ಹಾಗಾಗಲ್ಲ.

ಖಂಡಚಾಪು:
ಅದು ನಾದದ ವಿಷಯ, ಇಲ್ಲಿ ನಡೀತಿರೋದು ಕಾಲದ ವಿಷಯ. ಬೇರೆ ಎಳೆ ತೆಗೀರಿ, ನಾನೂ ಬರ್ತೀನಿ.

ವೀಣೆ_ಪ್ರಿಯ:
72 ಮೇಳದ ಲೆಕ್ಕ ಹೇಳಬಹುದಾ? ಎರಡು ಮಧ್ಯಮ, ಆರು ಆರು...

ಖಂಡಚಾಪು:
ಅದೂ ಬೇರೆ ಎಳೆ!

ಅಮ್ಮ_ಫ್ರೀಮಾಂಟ್:
ನನ್ನ ಮಗಳು ಆನ್‌ಲೈನಿನಲ್ಲಿ ಬೆಂಗಳೂರಿನ ಗುರುಗಳ ಹತ್ತಿರ ವಯಲಿನ್ ಕಲೀತಾಳೆ. "ಓಡ್ತಾ ಇದೀಯ" ಅಂತ ಅವರು ಪ್ರತಿ ವಾರ ಹೇಳೋರು, ಇವಳು "ಇಲ್ಲ" ಅಂತ ಅಳೋಳು. ಒಂದಿನ ಆದಿ ತಾಳದ ವರ್ಣ ನುಡಿಸಿದ್ದನ್ನ ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಅಲೆಯ ಚಿತ್ರ ತೆಗೆದು, ಪ್ರತಿ ಸಮಕ್ಕೂ ಒಂದು ಗೆರೆ ಎಳೆದ್ವಿ. ಮೊದಲನೇ ಆವರ್ತ 12 ಸೆಕೆಂಡು, ಕೊನೆಯದ್ದು ಹತ್ತೂವರೆ. ಆದರೆ ಕಣ್ಣಿಗೆ ಬಿದ್ದದ್ದು ಬೇರೆ. ಓಟ ಎಲ್ಲ ಕಡೆ ಸಮವಾಗಿ ಇರಲಿಲ್ಲ. ಉದ್ದ ಸ್ವರ ಇರೋ ಕಡೆ ಮಾತ್ರ ಗೆರೆಗಳು ಹತ್ತಿರ ಬಂದಿದ್ದವು. ಒತ್ತಾಗಿ ಸ್ವರ ಇರೋ ಕಡೆ ಸರಿಯಾಗಿದ್ದವು. ಅಂದ್ರೆ ಅವಳಿಗೆ ಕಷ್ಟ ಬೇಗ ನುಡಿಸೋದಲ್ಲ, ಕಾಯೋದು. ಗುರುಗಳಿಗೆ ಹೇಳಿದೆ. ಅವತ್ತಿಂದ ಉದ್ದ ಸ್ವರದಲ್ಲಿ ಮನಸ್ಸಿನಲ್ಲೇ "ತಕಧಿಮಿ" ಹೇಳ್ಕೋ ಅಂದ್ರು. ಈಗ ಅಳು ಇಲ್ಲ.

ಶಾರದೆ_ಮೈಸೂರು:
ಅಮ್ಮಾ, ಇದು ಓದಿ ಕಣ್ಣು ತುಂಬಿತು. ಲೆಕ್ಕ ಅಂದ್ರೆ ಇದಾದರೆ ನನ್ನ ತಕರಾರು ಇಲ್ಲ.

ಮೃದಂಗ_ಮಲ್ಲೇಶ್ವರ:
ಆದರೂ ಪ್ರತಿ ಆವರ್ತ ಗಡಿಯಾರದ ಹಾಗೆ ಒಂದೇ ಇರಬೇಕು ಅಂತ ಮಗುಗೆ ಹೇಳಬೇಡಿ ತಾಯಿ. ಕಚೇರಿಯಲ್ಲಿ ಚಿಟ್ಟೆಸ್ವರಕ್ಕೆ ಬರುವಾಗ ಕಾಲಪ್ರಮಾಣ ಕೂದಲೆಳೆಯಷ್ಟು ಬಿಗಿಯಾಗುತ್ತೆ, ಎಲ್ಲರೂ ಸೇರಿ. ಅದು ಓಟ ಅಲ್ಲ. ಒಬ್ಬರೇ ಮುಂದೆ ಹೋದರೆ ಓಟ.

ರಸಿಕ_ಬಸವನಗುಡಿ:
ತಡವಾಗಿ ಬಂದೆ, ಕ್ಷಮಿಸಿ. ಕೇಳಿ ನೋಡಿದೆ. ತ್ಯಾಗರಾಜರ ಕೃತಿ. ಪಲ್ಲವಿ ಸಮದಲ್ಲಿ ಶುರುವಾಗಲ್ಲ. ತಟ್ಟು ಹಾಕಿ, ಕಿರುಬೆರಳು ಆದಮೇಲೆ, ಉಂಗುರದ ಬೆರಳಿಗೆ ಮುಂಚೆ ಎತ್ತುತ್ತಾರೆ.

ಮೃದಂಗ_ಮಲ್ಲೇಶ್ವರ:
ಅಲ್ಲೇ ಇದೆ ಉತ್ತರ! ಒಂದೂವರೆ ಅಕ್ಷರ ಬಿಟ್ಟ ಎತ್ತುಗಡೆ. ಒಂದೂವರೆ ಅಕ್ಷರ ಅಂದ್ರೆ 6 ಮಾತ್ರೆ. ಕೋರ್ವೆಯನ್ನ ಅವರು ಸಮದಲ್ಲಿ ಶುರು ಮಾಡಿದ್ದಾರೆ, ಮೂರು ಸಲ ನುಡಿಸಿದ್ದಾರೆ. 66 ಮೂರರಷ್ಟು 198. ಆರು ಆವರ್ತ 192. ಉಳಿದದ್ದು 6. ಸೀದಾ ಎತ್ತುಗಡೆಗೆ ಬಂತು. 64ರದ್ದು ನುಡಿಸಿದ್ದರೆ ಸಮಕ್ಕೆ ಬಂದು, ಹಾಡೋರು ಒಂದೂವರೆ ಅಕ್ಷರ ಸುಮ್ಮನೆ ಕೂರಬೇಕಿತ್ತು. ಒಂದೊಂದು ಸುತ್ತಿಗೂ 2 ಮಾತ್ರೆ ಬೇಕೆಂದೇ ಹೆಚ್ಚು ಇಟ್ಟಿದ್ದಾರೆ.

ಇದನ್ನ ಕೈಯಲ್ಲಿ ಹಾಕಿ ಕೇಳಿ. ಮೊದಲ ಸುತ್ತು ಮುಗಿಯೋದು ಸಮದ ತಟ್ಟು ಆಗಿ 2 ಮಾತ್ರೆಗೆ, ತಟ್ಟಿಗೂ ಕಿರುಬೆರಳಿಗೂ ನಡುವೆ. ಎರಡನೇ ಸುತ್ತು ಸರಿಯಾಗಿ ಕಿರುಬೆರಳಿಗೆ. ಮೂರನೇದು ಕಿರುಬೆರಳಿಗೂ ಉಂಗುರದ ಬೆರಳಿಗೂ ನಡುವೆ, ಪಲ್ಲವಿ ಕಾಯ್ತಾ ಇರೋ ಜಾಗಕ್ಕೆ. ಬೆರಳ ಮೇಲೆ ಅರ್ಧರ್ಧ ಹೆಜ್ಜೆ ಇಡ್ತಾ ಬರುತ್ತೆ ಅದು. ನಿಮ್ಮ ಪಕ್ಕದ ಹಿರಿಯರು ಎರಡನೇ ಸುತ್ತು ಕಿರುಬೆರಳಿಗೆ ಬಂದಾಗಲೇ ಹಿಡಿದಿರಬೇಕು.

ಖಂಡಚಾಪು:
ರಸಿಕರೇ, ನಿಮ್ಮ ಎಣಿಕೆ ಸರಿ, ನನ್ನ ಮಾತು ತಪ್ಪು. ವಾಪಸ್ ತಗೊಂಡೆ.

ಮೇಷ್ಟ್ರು_ಹಾಸನ:
ಆಹಾ. 6ನ್ನು ಮೂರು ಪಾಲು ಮಾಡಿ ಹಂಚಿದ್ದಾರೆ!

ಮೃದಂಗ_ಮಲ್ಲೇಶ್ವರ:
ಇನ್ನೂ ಒಂದಿದೆ ಮೇಷ್ಟ್ರೇ. ಆ 36ರ ಉತ್ತರಾಂಗವನ್ನು ಮೂರನೇ ಸುತ್ತಿನಲ್ಲಿ ಹೀಗೂ ನುಡಿಸ್ತಾರೆ. ತದಿಂಗಿಣತೊಂ ಒಂದು, ತಾಂ,, ಆಮೇಲೆ ಎರಡು, ತಾಂ,, ಆಮೇಲೆ ಮೂರು. 5+3+10+3+15, ಅದೂ 36. ಸ್ರೋತೋವಹ ಯತಿ, ಹೊಳೆ ಅಗಲ ಆಗ್ತಾ ಹೋದಂಗೆ. ತಿರುಗಿಸಿ 15, 10, 5 ಇಟ್ಟರೆ ಗೋಪುಚ್ಛ, ಹಸುವಿನ ಬಾಲದ ಹಾಗೆ ಸಣ್ಣ ಆಗುತ್ತೆ. ಸೊಲ್ಲು ಅವೇ, ಮೊತ್ತ ಅದೇ. ಸ್ರೋತೋವಹ ನುಡಿಸಿದರೆ ಸಭೆ ಮುಂದಕ್ಕೆ ಬಾಗುತ್ತೆ. ಗೋಪುಚ್ಛ ನುಡಿಸಿದರೆ ಉಸಿರು ಬಿಗಿ ಹಿಡಿಯುತ್ತೆ. ಕೂತು ನೋಡಿದ್ದೀನಿ.

ಶಾರದೆ_ಮೈಸೂರು:
ನಾನು ಹೇಳಬೇಕು ಅಂತಿದ್ದದ್ದು ಇದನ್ನೇ, ಲಯದ ಭಾಷೆಯಲ್ಲಿ ನೀವು ಹೇಳಿದ್ರಿ.

ರಸಿಕ_ಬಸವನಗುಡಿ:
ಈಗ ಮತ್ತೆ ಕೇಳಿದೆ, ಕೈಯಲ್ಲಿ ತಾಳ ಹಾಕಿಕೊಂಡು. ಮೊದಲ ಸುತ್ತು ತಟ್ಟು ದಾಟಿ ಮುಗಿದಾಗ ಏನೋ ಜಾರಿದ ಹಾಗಾಯ್ತು. ಎರಡನೇದು ಕಿರುಬೆರಳ ಮೇಲೆ ಬಿತ್ತು, ಬೆರಳಿಗೇ ತಗುಲಿದ ಹಾಗೆ. ಮೂರನೇ ಸುತ್ತಿನಲ್ಲಿ ಕಾಗದ ನೋಡಲೇ ಇಲ್ಲ. ಕೊನೇ ತೊಂ ಆದ ತಕ್ಷಣ ಗಾಯಕಿ ಪಲ್ಲವಿ ಎತ್ತಿಕೊಂಡರು, ನನ್ನ ಬಾಯಲ್ಲೂ ಅದೇ ಕ್ಷಣಕ್ಕೆ ಬಂತು. ಹೆಂಡತಿಯನ್ನು ಕರೆದು ಕೂರಿಸಿ ಇನ್ನೊಂದು ಸಲ ಹಾಕಿದೆ. ಮೃದಂಗದವರೇ, ನಡೆ, ಅಂದ್ರೆ ಅಕ್ಷರಕ್ಕೆ ಎಷ್ಟು ಮಾತ್ರೆ ಅನ್ನೋದು, ಬದಲಾದರೆ ಇದೇ ಲೆಕ್ಕ ನಡೆಯುತ್ತಾ?

ಮೇಷ್ಟ್ರು_ಹಾಸನ:
ತಿಶ್ರ ನಡೆಯಲ್ಲಿ ಅಕ್ಷರಕ್ಕೆ 3 ಅಂದ್ರೆ ಒಂದೂವರೆ ಅಕ್ಷರ ನಾಲ್ಕೂವರೆ ಆಗಿ ಅರ್ಧ ಉಳಿಯುತ್ತೆ. ಮೇಲಿನ ಕಾಲಕ್ಕೆ ಹೋಗಿ ಅಕ್ಷರಕ್ಕೆ 6 ಇಡಿ. ಆವರ್ತ 48, ಎತ್ತುಗಡೆ 9. ಸಮದಿಂದ ಮೂರು ಸಲ ನುಡಿಸೋ ಕೋರ್ವೆ 19, 35 ಅಥವಾ 51 ಇದ್ದರೆ ಕೂರುತ್ತೆ.

ಕೋಡ್_ಹುಡುಗ:
35ಕ್ಕೆ ಒಂದು ಮಾಡಿದ್ದೀನಿ. 9ರ ಸೊಲ್ಲು ಮೂರು ಸಲ, ನಡುವೆ 4 ಕಾರ್ವೆ. 9+4+9+4+9. ಮೊತ್ತ ಬೆಸ, ಅದಕ್ಕೇ ಸೊಲ್ಲೂ ಬೆಸ. ಸರಿನಾ?

ಮೃದಂಗ_ಮಲ್ಲೇಶ್ವರ:
ಈಗಷ್ಟೇ ನುಡಿಸಿ ನೋಡಿದೆ. ಕೂರುತ್ತೆ ಕಣೋ. 9ನ್ನು 4+5 ಮಾಡಿ, ಕೊನೆಗೆ ತದಿಂಗಿಣತೊಂ ಇಡು, ಇನ್ನೂ ಚೆನ್ನಾಗಿ ಬೀಳುತ್ತೆ.